ನಿಮಗಿದು ಗೊತ್ತೆ? ಹೆಪಟೈಟಿಸ್ ಸಿ ಮಾತ್ರೆಗೆ ಊಟದ ಲೆಕ್ಕ

ಹೆಪಟೈಟಿಸ್ ಸಿ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕೆ? ಅದು ಮಾತ್ರೆ ಯಾವುದೆಂಬುದರ ಮೇಲಿದೆ. 2011ರಲ್ಲಿ ಬಂದ ಟೆಲಾಪ್ರೆವಿರ್‌ಗೆ ಸುಮಾರು 20 ಗ್ರಾಂ ಕೊಬ್ಬಿರುವ ಆಹಾರವೇ ಬೇಕಿತ್ತು. ಖಾಲಿ ಹೊಟ್ಟೆಯಲ್ಲಿ ಅದು ರಕ್ತಕ್ಕೆ ಸರಿಯಾಗಿ ಸೇರುತ್ತಿರಲಿಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರ ಉಚಿತವಾಗಿ ಕೊಡುವ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್‌ಗೆ ಈ ಕಟ್ಟುಪಾಡಿಲ್ಲ. ದಿನಕ್ಕೊಮ್ಮೆ ಊಟಕ್ಕೆ ಮೊದಲೋ ನಂತರವೋ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ 12 ವಾರ. ಜೊತೆಗೆ ರಿಬಾವಿರಿನ್ ಕೊಟ್ಟಿದ್ದರೆ ಅದನ್ನು ಊಟದೊಂದಿಗೇ ನುಂಗಬೇಕು. ನಿಜವಾದ ಎಚ್ಚರ ಬೇಕಾದದ್ದು ಇದೇ ಕಾಯಿಲೆಗೆ ಕೊಡುವ ಮತ್ತೊಂದು ಔಷಧ ವೆಲ್ಪಟಾಸ್ವಿರ್ ವಿಷಯದಲ್ಲಿ. ಎದೆಯುರಿಗೆಂದು ನಾವೇ ಅಂಗಡಿಯಿಂದ ತರುವ ಒಮೆಪ್ರಜೋಲ್‌ನಂಥ ಮಾತ್ರೆ ಹೊಟ್ಟೆಯ ಆಮ್ಲವನ್ನು ತಗ್ಗಿಸುತ್ತದೆ. ಆಗ ವೆಲ್ಪಟಾಸ್ವಿರ್ ಸರಿಯಾಗಿ ಕರಗುವುದಿಲ್ಲ. ವೈದ್ಯರನ್ನು ಕೇಳದೆ ದಯವಿಟ್ಟು ಎದೆಯುರಿಯ ಮಾತ್ರೆ ನುಂಗಬೇಡಿ.