ಬೆಳೆ ರಕ್ಷಣೆಯ ಬಂದೂಕು ಪರವಾನಗಿ: ಟ್ರೇಸರ್ ಗುಂಡುಗಳ ಅಪಾಯಗಳ ಕುರಿತು ಅರ್ಜಿದಾರರಿಗೆ ಮಾಹಿತಿ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ, ಶೇಂಗಾ ಮುಂತಾದ ಬೆಳೆಗಳನ್ನು ಕಾಡುಹಂದಿಗಳಿಂದ ಕಾಯ್ದುಕೊಳ್ಳಲು ಬಂದೂಕು ಪರವಾನಗಿ ಕೋರುವ ರೈತರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರಾತ್ರಿ ವೇಳೆ ಗುಂಡು ಎತ್ತ ಹೋಯಿತೆಂದು ಕಣ್ಣಿಗೆ ಕಾಣುವ ಟ್ರೇಸರ್ ಗುಂಡು ಹೊಲ ಕಾಯುವವರಿಗೆ ಅನುಕೂಲವೆಂಬ ಭಾವನೆ ಸಹಜವಾಗಿಯೇ ಮೂಡಬಹುದು. ವಾಸ್ತವದಲ್ಲಿ ಅದರಿಂದ ಬೆಳೆಗೂ ಊರಿಗೂ ಒದಗುವ ಹಾನಿಯೇ ಅಧಿಕ.

ಟ್ರೇಸರ್ ಗುಂಡು ಎಂದರೇನು?

ಗುಂಡಿನ ಹಿಂಬದಿಯಲ್ಲಿ ಚಿಕ್ಕ ಪೊಳ್ಳು ಮಾಡಿ, ಅದರಲ್ಲಿ ಮೆಗ್ನೀಸಿಯಂ ಪುಡಿ ಹಾಗೂ ಸ್ಟ್ರಾನ್ಷಿಯಂ ಲವಣದಂತಹ ಉರಿಯುವ ಮಿಶ್ರಣವನ್ನು ತುಂಬಲಾಗಿರುತ್ತದೆ. ಬಂದೂಕು ಹಾರಿದೊಡನೆ ಈ ಮಿಶ್ರಣಕ್ಕೆ ಕಿಡಿ ತಗುಲಿ, ಗುಂಡು ಕೆಂಪು ಬೆಳಕಿನ ಗೆರೆಯಾಗಿ ಸಾಗುತ್ತದೆ. ಬೇರಿಯಂ ಲವಣ ಬಳಸಿದಲ್ಲಿ ಬೆಳಕು ಹಸಿರಾಗಿರುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915-16ರ ಸುಮಾರಿಗೆ, ಬ್ರಿಟಿಷ್ ಸೇನೆ ಇಂತಹ ಗುಂಡುಗಳನ್ನು ಬಳಕೆಗೆ ತಂದಿತು. ಇಂದಿಗೂ ಇದು ಮುಖ್ಯವಾಗಿ ಸೇನೆಯ ಮದ್ದುಗುಂಡೇ ಹೊರತು ಹೊಲಕ್ಕೆಂದು ತಯಾರಾದುದಲ್ಲ.

ಬೆಂಕಿಯ ಅಪಾಯ

ಎಲ್ಲಕ್ಕಿಂತ ಗಂಭೀರವಾದುದು ಇದೇ. ಟ್ರೇಸರ್ ಗುಂಡು ನೆಲಕ್ಕೆ ಬಿದ್ದ ಮೇಲೂ ಉರಿಯುತ್ತಿರಬಹುದು. ಕಲ್ಲುಬಂಡೆಗೆ ಬಡಿದು ಚಿಮ್ಮಿದಲ್ಲಿ ಊಹಿಸದ ದಿಕ್ಕಿಗೆ ಬೆಂಕಿಯನ್ನು ಹೊತ್ತೊಯ್ಯುತ್ತದೆ. ಫ್ರಾನ್ಸ್ ದೇಶದ ಮಾರ್ಸೇ ನಗರದ ಬಳಿಯ ಕಾರ್ಪಿಯಾನ್ ಸೇನಾ ಶಿಬಿರದಲ್ಲಿ 2009ರ ಜುಲೈ 22ರಂದು ತರಬೇತಿಯ ವೇಳೆ ಹಾರಿಸಿದ ಟ್ರೇಸರ್ ಗುಂಡುಗಳಿಂದ ಹೊತ್ತಿದ ಬೆಂಕಿ ಸಾವಿರ ಹೆಕ್ಟೇರಿಗೂ ಹೆಚ್ಚು ಕುರುಚಲು ಕಾಡನ್ನು ಸುಟ್ಟು, ನಗರದ ಅಂಚಿನ ಬಡಾವಣೆಗಳವರೆಗೂ ತಲುಪಿತು. ಗುಂಡು ಹಾರಿಸಿದವರು ತರಬೇತಿ ಪಡೆದ ಸೈನಿಕರೇ ಆಗಿದ್ದರು ಎಂಬುದು ಗಮನಾರ್ಹ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಭಾಗದ ಬಂಡೆಗುಡ್ಡಗಳು, ಕುರುಚಲು ಕಾಡು, ಫೆಬ್ರವರಿಯಿಂದ ಮೇ ತಿಂಗಳವರೆಗೆ ಒಣಗಿ ನಿಲ್ಲುವ ಹುಲ್ಲು, ಇವೆಲ್ಲವೂ ಅಲ್ಲಿನ ಪರಿಸ್ಥಿತಿಯನ್ನೇ ಹೋಲುತ್ತವೆ. ಇದರೊಂದಿಗೆ ಕಣದಲ್ಲಿ ಒಟ್ಟಿದ ಮೆಕ್ಕೆಜೋಳದ ದಂಟು, ಮೇವಿನ ಬಣವೆ, ಶೇಂಗಾ ಹೊಟ್ಟುಗಳೂ ಹೊಲದಂಚಿನಲ್ಲಿಯೇ ಇರುತ್ತವೆ. ಹಂದಿ ತಿಂದುಹೋಗುವುದು ಬೆಳೆಯ ಒಂದು ಪಾಲು. ಬೆಂಕಿಯಾದರೋ ನೆರೆಯವರ ಬಣವೆಯನ್ನೂ ಉಳಿಸದು. ಮೂತಿಯಿಂದ ಮದ್ದು ತುಂಬುವ ಸಾಮಾನ್ಯ ಬಂದೂಕಿನಲ್ಲಿಯೂ ಮದ್ದಿನ ಮೇಲೆ ತುರುಕಿದ ಬಟ್ಟೆಯ ಚಿಂದಿ ಅಥವಾ ನಾರು ಹೊಗೆಯಾಡುತ್ತಾ ಹೊರಬೀಳುವುದುಂಟು. ಆದ್ದರಿಂದ ಒಣಹುಲ್ಲಿನ ಕಡೆಗೆ ಯಾವ ಬಂದೂಕನ್ನೂ ಹಾರಿಸಬಾರದು.

ಗುರಿಗೂ ನೆರವಾಗದು

ಮಿಶ್ರಣ ಉರಿದಂತೆಲ್ಲ ಗುಂಡಿನ ತೂಕ ಕಡಿಮೆಯಾಗುವುದರಿಂದ ಅದರ ಹಾದಿ ಸಾಮಾನ್ಯ ಗುಂಡಿನ ಹಾದಿಗಿಂತ ಬೇರೆಯಾಗುತ್ತದೆ. ಹಾರಿಸುವವನ ಕಣ್ಣು ಗುರಿಯನ್ನು ಬಿಟ್ಟು ಬೆಳಕಿನ ಹಿಂದೆ ಹೋಗುತ್ತದೆ. ತಪ್ಪಿದ ಗುಂಡೂ ತಗುಲಿದಂತೆ ತೋರುತ್ತದೆ. ಕತ್ತಲೆಗೆ ಹೊಂದಿಕೊಂಡ ಕಣ್ಣು ಕೋರೈಸುವುದು ಮತ್ತೊಂದು ತೊಂದರೆ. ಗುಂಡು ತಪ್ಪಾದ ಕಡೆ ಹೋಯಿತೆಂದು ಅದು ಹೋದ ಬಳಿಕವಷ್ಟೇ ತಿಳಿಯುವುದರಿಂದ ಪಕ್ಕದ ಹೊಲದಲ್ಲಿ ಮಲಗಿದ ಕಾವಲುಗಾರನಿಗೆ ಆ ಬೆಳಕಿನಿಂದ ಪ್ರಯೋಜನವಿಲ್ಲ. ಟಾರ್ಚ್ ಹಿಡಿದು ಪ್ರಾಣಿಯನ್ನೂ ಅದರ ಹಿಂದಿರುವುದನ್ನೂ ಖಚಿತಪಡಿಸಿಕೊಳ್ಳುವುದೇ ಸುರಕ್ಷಿತ. ಈ ಭಾಗದಲ್ಲಿ ರಾತ್ರಿ ಹೊಲಕ್ಕೆ ಬರುವ ಪ್ರಾಣಿ ಕರಡಿಯೂ ಆಗಿರಬಹುದು.

ಕಾನೂನಿನ ಅಂಶಗಳು

ಆಯುಧ ಅಧಿನಿಯಮ, 1959ರ ಪ್ರಕರಣ 13ರ ಮೇರೆಗೆ ಬೆಳೆ ರಕ್ಷಣೆಗಾಗಿ ಮೂತಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ನೀಡಲಾಗುತ್ತದೆ. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ಮಾತ್ರ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಕೆಯ ಬೇರೆ ನಯನಳಿಕೆ ಬಂದೂಕಿಗೆ ಪರವಾನಗಿ ನೀಡಬಹುದು. ಪರವಾನಗಿಯಲ್ಲಿ ನಮೂದಾದ ಬಗೆಯ ಹಾಗೂ ಪ್ರಮಾಣದ ಮದ್ದುಗುಂಡನ್ನು ಮಾತ್ರ ಹೊಂದತಕ್ಕದ್ದು. ಪರವಾನಗಿಯಿಲ್ಲದ ಮದ್ದುಗುಂಡು ಇರಿಸಿಕೊಂಡಲ್ಲಿ, 2019ರ ತಿದ್ದುಪಡಿಯ ತರುವಾಯ, 2ರಿಂದ 5 ವರ್ಷಗಳವರೆಗೆ ಕಾರಾಗೃಹವಾಸ ಹಾಗೂ ದಂಡ ವಿಧಿಸಬಹುದಾಗಿದೆ. ನಿಷೇಧಿತ ವರ್ಗದ್ದಾಗಿದ್ದಲ್ಲಿ ಶಿಕ್ಷೆ 7ರಿಂದ 14 ವರ್ಷ. ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರಿಗೆ ಅಪಾಯ ಉಂಟುಮಾಡುವುದೂ ಇದೇ ತಿದ್ದುಪಡಿಯಿಂದ ಪ್ರತ್ಯೇಕ ಅಪರಾಧವಾಗಿದೆ. ಜಾತ್ರೆ, ಮದುವೆಗಳ ಸಂದರ್ಭದಲ್ಲಿ ಪರವಾನಗಿದಾರರು ಇದನ್ನು ನೆನಪಿಡತಕ್ಕದ್ದು.

ಬಂದೂಕಿನ ಪರವಾನಗಿಯು ಬೇಟೆಯ ಅನುಮತಿಯಲ್ಲ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೇರೆಗೆ ಕರಡಿ 1ನೇ ಅನುಸೂಚಿಯಲ್ಲಿದೆ. ಕಾಡುಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಆದೇಶ ಅವಶ್ಯ.

ಗುಂಡು ಸಿಕ್ಕಲ್ಲಿ

ಹಳೆಯ ಪೆಟ್ಟಿಗೆಯಲ್ಲಿಯೋ ಗುಜರಿ ಸಾಮಾನಿನಲ್ಲಿಯೋ ತುದಿಗೆ ಬಣ್ಣ ಬಳಿದ ಗುಂಡು ಕಂಡಲ್ಲಿ ಅದನ್ನು ಬಿಚ್ಚುವುದು, ಬಡಿಯುವುದು, ಒಲೆಯ ಬಳಿ ಇಡುವುದು ಸಲ್ಲದು. ಬಣ್ಣದ ಗುರುತು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಬಣ್ಣ ನೋಡಿ ಅಪಾಯವಿಲ್ಲವೆಂದು ನಿರ್ಧರಿಸಲಾಗದು. ಇದ್ದ ಸ್ಥಳದಲ್ಲಿಯೇ ಬಿಟ್ಟು, ಮಕ್ಕಳನ್ನು ದೂರವಿರಿಸಿ, ಸಮೀಪದ ಪೊಲೀಸ್ ಠಾಣೆಗೆ ಅಥವಾ 112ಕ್ಕೆ ತಿಳಿಸತಕ್ಕದ್ದು.

ಹೊಸ ಪರವಾನಗಿಗೆ ನಮೂನೆ ಎ-1ರಲ್ಲಿ ಹೊಸಪೇಟೆಯ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಕಾಡುಪ್ರಾಣಿಗಳಿಂದ ಆದ ಬೆಳೆಹಾನಿಗೆ ಪರಿಹಾರ ಕೋರುವವರು ಬಂದೂಕು ಪರವಾನಗಿಗಾಗಿ ಕಾಯಬೇಕಿಲ್ಲ. ಅದಕ್ಕೆ ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬಹುದು.