ಲಕ್ಕಣ್ಣದಂಡೇಶ: ಚರಿತಕೋಶದ ಬರಹವೊಂದನ್ನು ಪರಿಷ್ಕರಿಸುವ ಬಗೆ

ಪ್ರೌಢದೇವರಾಯನ ಕಾಲದಲ್ಲಿ ದಂಡನಾಯಕನೂ ಮಂಡಲಾಧಿಪತಿಯೂ ಆಗಿದ್ದು, ಖಡ್ಗ ಹಿಡಿದ ಕೈಯಿಂದಲೇ ಕಂಠವನ್ನೂ ಹಿಡಿದು 'ಶಿವತತ್ತ್ವಚಿಂತಾಮಣಿ'ಯನ್ನು ರಚಿಸಿದ ಲಕ್ಕಣ್ಣದಂಡೇಶನ ಹೆಸರು ವೀರಶೈವ ಸಾಹಿತ್ಯದ ವಾಚಕರಿಗೆ ಹೊಸದಲ್ಲ. ಆದರೆ ಆತನ ಚರಿತ್ರೆಯನ್ನು ಅರಿಯಬೇಕೆಂದು ಕೋಶಗಳನ್ನು ತೆರೆದವರಿಗೆ ಸಾಮಾನ್ಯವಾಗಿ ಸಿಗುವುದು ಹತ್ತು ಹನ್ನೆರಡು ಸಾಲು ಮಾತ್ರ. ಆ ಸಾಲುಗಳೇ ಶಾಲೆಯ ಹುಡುಗರ ಪ್ರಬಂಧಗಳಿಗೂ, ಅಲ್ಲಿಂದ ಸ್ಮರಣಸಂಚಿಕೆಗಳಿಗೂ, ಈಗ ಅಂತರ್ಜಾಲದ ಪುಟಗಳಿಗೂ ಹರಿದುಹೋಗುತ್ತಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ೧೯೬೯ರಲ್ಲಿ ಪ್ರಕಟವಾಗಿ, ಮುಂದೆ ಹದಿನಾಲ್ಕು ಸಂಪುಟಗಳಾದ ಮೇಲೆ, ಕೋಶವನ್ನು ನೋಡಿ ಬರೆಯುವ ಅಭ್ಯಾಸ ನಾಡಿನಲ್ಲಿ ಬಲಿತಿದೆ. ಅದು ಒಳ್ಳೆಯದೇ. ಆದರೆ ಕೋಶದಲ್ಲಿ ಒಂದು ತಪ್ಪು ಸೇರಿದರೆ ಅದು ನೂರು ಕಡೆ ಮೊಳೆಯುತ್ತದೆ. ಆದಕಾರಣ ಇಂಥ ಒಂದು ಬರಹದಲ್ಲಿ ಯಾವ ಮಾತು ನಿಲ್ಲಬೇಕು, ಯಾವುದು ತಿದ್ದುಪಡಿ ಹೊಂದಬೇಕು ಎಂಬುದನ್ನು ಇಲ್ಲಿ ವಿವೇಚಿಸಿದೆ.

ಮೊದಲನೆಯದಾಗಿ ಕಾಲದ ಮಾತು. ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯಲ್ಲಿ ಈ ಕವಿಗೆ ಕೊಟ್ಟಿರುವುದು ಸುಮಾರು ೧೪೨೮ ಎಂಬ ಕಾಲ. ಇದು ಕವಿ ಬಾಳಿದ್ದ ಕಾಲದ ಸೂಚನೆಯೇ ಹೊರತು ಜನನದ ವರ್ಷವಲ್ಲ, ಕೃತಿ ಮುಗಿದ ವರ್ಷವೂ ಅಲ್ಲ. 'ಸುಮಾರು' ಎಂಬ ಒಂದು ಪದವನ್ನು ಕೈಬಿಟ್ಟು ಹೆಸರಿನ ಮುಂದೆ ಆವರಣದಲ್ಲಿ ಆ ಅಂಕಿಯನ್ನಿಟ್ಟರೆ ಓದುವವನು ಅದನ್ನು ಹುಟ್ಟಿದ ವರ್ಷವೆಂದೇ ತಿಳಿಯುತ್ತಾನೆ. ಹಾಗೆ ತಿಳಿದರೆ ೧೪೪೩ರಲ್ಲಿ ದಂಡನಾಯಕನಿಗೆ ಹದಿನೈದು ವಯಸ್ಸು! ಕೋಶದಲ್ಲಿ ಹೇಳಬೇಕಾದುದು ಇಷ್ಟೇ: ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ಎಂದರೆ ೧೪೨೪ರಿಂದ ೧೪೪೬ರ ಅವಧಿಯಲ್ಲಿ, ಈತ ಅಧಿಕಾರದಲ್ಲಿದ್ದನು.

ಎರಡನೆಯದು 'ದಂಡೇಶ' ಎಂಬ ಬಿರುದು. ಇದನ್ನು 'ಸೇನಾಪತಿ' ಎಂದು ಭಾಷಾಂತರಿಸಿ ಮುಂದೆ ಸಾಗುವುದು ಸುಲಭ. ಆದರೆ ಆ ಕಾಲದ ದಣ್ಣಾಯಕನ ಕೆಲಸ ರಣರಂಗದಲ್ಲಿ ಮುಗಿಯುತ್ತಿರಲಿಲ್ಲ. ತಿಪಟೂರು-ತುರುವೇಕೆರೆ ಸೀಮೆಯವರು ಇದಕ್ಕೆ ದೂರ ಹೋಗಬೇಕಾಗಿಲ್ಲ. ತೆಂಗಿನ ತೋಟಗಳ ನಡುವಣ ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ಮುಮ್ಮಡಿ ನರಸಿಂಹನ ಕಾಲದಲ್ಲಿ, ೧೨೮೬ರಲ್ಲಿ, ಕಟ್ಟಿಸಿದವರು ಅಪ್ಪಯ್ಯ, ಗೋಪಾಲ, ಮಾಧವ ಎಂಬ ದಂಡನಾಯಕರು. ದಂಡನ್ನು ನಡೆಸುವುದು, ಸೀಮೆಯನ್ನು ಆಳುವುದು, ಧರ್ಮಕಾರ್ಯಗಳನ್ನು ಮಾಡಿಸುವುದು ಎಲ್ಲವೂ ಒಂದೇ ಪದವಿಯಲ್ಲಿ ಸೇರಿದ್ದುವು. ಕಾವ್ಯಗಳಲ್ಲಿ ಬಸವಣ್ಣನವರನ್ನೇ 'ಬಸವದಂಡೇಶ', 'ಬಸವದಂಡನಾಥ' ಎಂದು ಕರೆದಿದೆ. ಅವರು ಬಿಜ್ಜಳನ ಭಂಡಾರಿಗಳೆಂಬುದನ್ನು ವಚನಗಳನ್ನು ಓದಿದವರೆಲ್ಲ ಬಲ್ಲರು. ಆದುದರಿಂದ ಲಕ್ಕಣ್ಣನನ್ನು ಬರಿಯ ಯೋಧನನ್ನಾಗಿ ಮಾಡಿದರೆ ಶಾಸನಗಳು ಹೇಳುವ ಅರ್ಧ ಭಾಗವೇ ಬಿಟ್ಟುಹೋಗುತ್ತದೆ. ಆತನೂ ಸೋದರನಾದ ಮಾದಣ್ಣನೂ ಮುಳುಬಾಗಿಲು ರಾಜ್ಯವನ್ನು ಆಳುತ್ತಿದ್ದರು. ಬಿ.ಎಲ್. ರೈಸರು ೧೯೦೫ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟವನ್ನು ತಿರುವದೆ ಈತನ ಚರಿತ್ರೆ ಬರೆಯುವುದು ಸಲ್ಲದು. ಶಾಸನಗಳಲ್ಲಿ ಬರುವ 'ದಕ್ಷಿಣಸಮುದ್ರಾಧಿಪತಿ' ಎಂಬ ಬಿರುದು ತೆಂಕಣ ಕಡಲಿನವರೆಗೆ ಚಾಚಿದ ಅಧಿಕಾರವನ್ನು ಸೂಚಿಸುತ್ತದೆ. ಆನೆಯ ಗುರುತೂ 'ಲ' ಎಂಬ ಅಕ್ಷರವೂ ಇರುವ ತಾಮ್ರದ ನಾಣ್ಯಗಳನ್ನು ನಾಣ್ಯಶಾಸ್ತ್ರಜ್ಞರು ಈತನಿಗೆ ಸಂಬಂಧಿಸಿದುವೆಂದು ಹೇಳಿದ್ದಾರೆ. ಅವರ ಅಭಿಪ್ರಾಯವನ್ನು ಅಭಿಪ್ರಾಯವೆಂದೇ ನಮೂದಿಸಬೇಕು.

ಹೆಚ್ಚು ಎಚ್ಚರ ಬೇಕಾದುದು ಪರದೇಶದ ಸಾಕ್ಷಿಯ ವಿಷಯದಲ್ಲಿ. ಹಿರಾತಿನ ಷಾಹ್ ರುಖನ ರಾಯಭಾರಿ ಅಬ್ದುರ್ ರಜಾಕನು ೧೪೪೩ರಲ್ಲಿ ವಿಜಯನಗರಕ್ಕೆ ಬಂದನು. ಅದಕ್ಕೆ ಕೆಲವೇ ತಿಂಗಳ ಹಿಂದೆ ಅರಸನ ಸೋದರನೇ ಅರಸನನ್ನು ಕೊಲ್ಲಲು ಯತ್ನಿಸಿದ್ದನೆಂದೂ, ಆ ಸಮಯದಲ್ಲಿ 'ದಣಾಯಕ'ನು ಸಿಂಹಳದ ಗಡಿಯ ಕಡೆ ಸಮುದ್ರಯಾನದಲ್ಲಿದ್ದುದರಿಂದ ಬದುಕಿಕೊಂಡನೆಂದೂ ಆತ ಬರೆದಿದ್ದಾನೆ. ಮುಂದೆ ದಣಾಯಕನು ಕಲಬುರ್ಗಿಯ ಕಡೆಗೆ ದಂಡೆತ್ತಿ ಹೋಗಿ ಬಂದುದನ್ನೂ, ಆತನಿಲ್ಲದಾಗ ಆ ಸ್ಥಾನದಲ್ಲಿದ್ದವನು ತನ್ನ ದಿನದ ಪಡಿಯನ್ನು ನಿಲ್ಲಿಸಿದುದನ್ನೂ ಕೊಂಚ ಮುನಿಸಿನಿಂದಲೇ ಹೇಳಿದ್ದಾನೆ. (ರಾಯಭಾರಿಗಳಾದರೂ ಪಡಿ ನಿಂತರೆ ಮುನಿಯದಿರುವರೆ?) ದಕ್ಷಿಣಸಮುದ್ರದ ಬಿರುದಿಗೂ ಸಿಂಹಳದ ಯಾನಕ್ಕೂ ಹೊಂದಿಕೆಯಿರುವುದರಿಂದ ಚರಿತ್ರಕಾರರು ಈ ದಣಾಯಕನೇ ಲಕ್ಕಣ್ಣನೆಂದು ಊಹಿಸಿದ್ದಾರೆ. ಊಹೆ ಯುಕ್ತವಾದುದೇ. ಆದರೆ ರಜಾಕನು ಎಲ್ಲಿಯೂ ಲಕ್ಕಣ್ಣನ ಹೆಸರನ್ನು ಹೇಳಿಲ್ಲ. ಆತ ಹೇಳುವುದು ಪದವಿಯ ಹೆಸರನ್ನು ಮಾತ್ರ. ಅಷ್ಟೇ ಅಲ್ಲ, ಕಂಬಗಳ ಆಸ್ಥಾನಶಾಲೆಯಲ್ಲಿ ಎತ್ತರದ ಪೀಠದ ಮೇಲೆ ಒಬ್ಬನೇ ಕುಳಿತು ನ್ಯಾಯ ವಿಚಾರಿಸುವ ದಣಾಯಕನನ್ನು ಆತ ಖೋಜಾ ಎಂದು ವರ್ಣಿಸಿದ್ದಾನೆ. ಈ ಮಾತನ್ನು ಮುಚ್ಚಿಟ್ಟು 'ರಜಾಕನು ಲಕ್ಕಣ್ಣನನ್ನು ಕೊಂಡಾಡಿದ್ದಾನೆ' ಎಂದು ಬರೆದರೆ ಅದು ಭಕ್ತಿಯೂ ಅಲ್ಲ, ಚರಿತ್ರೆಯೂ ಅಲ್ಲ. 'ರಜಾಕನು ಹೆಸರಿಸದೆ ಹೇಳಿರುವ ದಣಾಯಕನು ಲಕ್ಕಣ್ಣನೇ ಎಂದು ವಿದ್ವಾಂಸರ ಊಹೆ' ಎಂಬ ವಾಕ್ಯವೇ ಸಾಕು. ಹಂಪೆಯಲ್ಲಿ 'ದಣ್ಣಾಯಕನ ಆವರಣ'ವೆಂದು ತೋರಿಸುವ ಸ್ಥಳವನ್ನು ಈತನ ಅರಮನೆಯೆಂದು ಸೇರಿಸಿಬಿಡುವ ಆಸೆಯನ್ನೂ ಇದೇ ಕಾರಣದಿಂದ ತಡೆಯಬೇಕು.

ತಿಪಟೂರಿನ ಮಂಡಿಯಲ್ಲಿ ಕೊಬ್ಬರಿಯನ್ನು ಹೊರಗಿನ ಬಣ್ಣ ನೋಡಿ ಕೊಳ್ಳುವವರಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ನೀರಿಂಗಿದ ಕಾಯಿಯೇ ಅಲ್ಲಾಡಿಸಿದಾಗ ಗಟಗಟನೆ ನುಡಿಯುತ್ತದೆ. ನೀರಾರದ ಕಾಯಿಯನ್ನು ಅವಸರದಲ್ಲಿ ಸುಲಿದವನಿಗೆ ನಷ್ಟ ತಪ್ಪದು.

ಇನ್ನು ಸಂಪ್ರದಾಯದ ಮಾತು. ನೂರೊಂದು ವಿರಕ್ತರು, ಜಕ್ಕಣಾರ್ಯ, ಚಾಮರಸರ ಹೆಸರುಗಳೊಡನೆ ಲಕ್ಕಣ್ಣನ ಹೆಸರೂ ಸೇರಿ ಪ್ರೌಢರಾಯನ ಕಾಲ ವೀರಶೈವದ ಸುವರ್ಣಯುಗವಾಗಿ ನಮ್ಮ ಪುರಾಣಗಳಲ್ಲಿ ಬೆಳಗಿದೆ. ಆದರೆ ಈ ಸಭಾವೈಭವವನ್ನು ವಿಸ್ತಾರವಾಗಿ ಹೇಳುವ ಅದೃಶ್ಯಕವಿಯ 'ಪ್ರೌಢರಾಯ ಚರಿತ್ರೆ', ವಿರೂಪಾಕ್ಷಪಂಡಿತನ 'ಚೆನ್ನಬಸವಪುರಾಣ' ಇವೆರಡೂ ಹದಿನಾರನೆಯ ಶತಮಾನದ ಕೊನೆಯವು. ಸುಮಾರು ನೂರೈವತ್ತು ವರ್ಷಗಳ ಅಂತರ ನಡುವೆ ಇದೆ. ಅರಸನೇ ವೀರಶೈವ ದೀಕ್ಷೆ ಪಡೆದನೆಂದು ನಿಶ್ಚಯವಾಗಿ ಬರೆಯುವ ಮೊದಲು ಅದೇ ಅರಸನು ೧೪೨೬ರಲ್ಲಿ ರಾಜಧಾನಿಯ ಅಂಗಡಿಬೀದಿಯಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಕಟ್ಟಿಸಿದನೆಂಬ ಶಾಸನವನ್ನು ನೆನೆಯಬೇಕು. ದಂಡೇಶನು ಶಿವಭಕ್ತನೆಂಬುದಕ್ಕೆ ಆತನ ಗ್ರಂಥವೇ ಪ್ರಮಾಣ. ಅರಸನ ಭಕ್ತಿಯನ್ನೂ ಆತನ ಲೆಕ್ಕಕ್ಕೆ ಜಮೆ ಮಾಡುವ ಅಗತ್ಯವಿಲ್ಲ.

ಈ ಎಲ್ಲದರ ನಡುವೆ ವಿಚಿತ್ರವೆಂದರೆ, ಕೋಶಗಳಲ್ಲಿ ಬಹಳ ಸೊರಗುವುದು ಆ ಗ್ರಂಥವೇ. ಯುದ್ಧಕ್ಕೆ ಐದು ಸಾಲು, ಬಿರುದಿಗೆ ಎರಡು, ಕಾವ್ಯಕ್ಕೆ ಒಂದು! ವಾರ್ಧಕಷಟ್ಪದಿಯ ೨೨೨೧ ಪದ್ಯಗಳಲ್ಲಿ ಶಿವನ ಲೀಲೆಗಳು, ವೀರಶೈವದ ತತ್ತ್ವ ಮತ್ತು ಆಚಾರ, ಬಸವಣ್ಣನವರ ಚರಿತ್ರೆ, ಪುರಾತನ ನೂತನ ಶರಣರ ನಾಮಾವಳಿ ಎಲ್ಲವನ್ನೂ ಅಡಕಮಾಡಿದ ಈ ಕೃತಿ ತನ್ನ ಕಾಲಕ್ಕೆ ತಾನೇ ಒಂದು ವಿಶ್ವಕೋಶ. ಶರಣರ ಹೆಸರುಗಳನ್ನು ಗೊತ್ತುಮಾಡುವಾಗ ಸಂಶೋಧಕರು ಇಂದಿಗೂ ಇದರ ಕಡೆ ತಿರುಗುತ್ತಾರೆ. ಬೇರೆ ದಂಡನಾಯಕರು ಗುಡಿಗಳನ್ನು ಬಿಟ್ಟುಹೋದರು, ಈತ ಗ್ರಂಥವನ್ನು. ಬರಹದ ಅರ್ಧವಾದರೂ ಅದಕ್ಕೆ ಮೀಸಲಾಗಬೇಕು.

ಹಿರಿಯರು ಬರೆದುದನ್ನು ತಿದ್ದುವುದು ಅವಿನಯವೆಂದು ಅಳುಕುವವರಿದ್ದಾರೆ. ಅಂಥವರು 'ಶೂನ್ಯಸಂಪಾದನೆ'ಯ ಇತಿಹಾಸವನ್ನು ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಪಾದಿಸಿದುದನ್ನು ಹಲಗೆಯದೇವ ಪರಿಷ್ಕರಿಸಿದನು. ಸಿದ್ಧರಾಮಯ್ಯನವರ ದೀಕ್ಷಾಪ್ರಸಂಗ ಸರಿಯಾಗಿ ಬಂದಿಲ್ಲವೆಂಬುದು ಆತನ ಆಕ್ಷೇಪ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಕೊನೆಗೆ ಈ ತುಮಕೂರು ಸೀಮೆಯವನೇ ಆದ ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಕೈಯಿಟ್ಟರು. ಮೊದಲಿನವರ ವಚನಗಳನ್ನು ಕೆಡಿಸದೆ, ಜೋಡಣೆಯನ್ನು ಮಾತ್ರ ನೇರ್ಪಡಿಸಿ, ಬಿಟ್ಟುಹೋದುದನ್ನು ಸೇರಿಸಿದರು. ಯಾರೂ ಅವರನ್ನು ಅವಿನೀತರೆನ್ನಲಿಲ್ಲ.

ಆ ಬಗೆಯಲ್ಲಿ ಪರಿಷ್ಕರಿಸಿದರೆ ಬರಹ ಹೀಗೆ ನಿಲ್ಲಬಹುದು:

'ಲಕ್ಕಣ್ಣದಂಡೇಶ: ವಿಜಯನಗರದ ಇಮ್ಮಡಿ ದೇವರಾಯನ (೧೪೨೪-೧೪೪೬) ದಂಡನಾಯಕ, ಕವಿ. ಸೋದರ ಮಾದಣ್ಣನೊಡನೆ ಮುಳುಬಾಗಿಲು ರಾಜ್ಯವನ್ನು ಆಳಿದನು. ಶಾಸನಗಳಲ್ಲಿ ದಕ್ಷಿಣಸಮುದ್ರಾಧಿಪತಿ ಎಂಬ ಬಿರುದುಂಟು. ೧೪೪೩ರಲ್ಲಿ ಬಂದ ಅಬ್ದುರ್ ರಜಾಕನು ಹೇಳುವ, ಸಿಂಹಳದ ಕಡೆ ಯಾನ ಹೋಗಿದ್ದ ದಣಾಯಕನು ಈತನೇ ಇರಬೇಕೆಂದು ವಿದ್ವಾಂಸರ ಊಹೆ. ಈತನ ಶಿವತತ್ತ್ವಚಿಂತಾಮಣಿ ವಾರ್ಧಕಷಟ್ಪದಿಯಲ್ಲಿದೆ, ೨೨೨೧ ಪದ್ಯಗಳು. ವೀರಶೈವ ತತ್ತ್ವಾಚಾರಗಳನ್ನೂ ಬಸವಣ್ಣನವರ ಮತ್ತು ಇತರ ಶರಣರ ವಿಷಯವನ್ನೂ ಒಳಗೊಂಡ ಆಕರಗ್ರಂಥ. ಪ್ರೌಢರಾಯನ ಸಭೆಯಲ್ಲಿ ಈತನ ಪಾತ್ರವನ್ನು ಕುರಿತ ಕಥೆಗಳು ಮುಂದಿನ ಶತಮಾನದ ಕಾವ್ಯಗಳಿಂದ ತಿಳಿದುಬರುತ್ತವೆ.'

ಲಕ್ಕಣ, ಲಕ್ಕಣ್ಣ, ಲಕ್ಕಣದಣ್ಣಾಯಕ ಎಂಬ ರೂಪಗಳನ್ನೂ ಬೇರೆಯಾಗಿ ನಮೂದಿಸಿ ಈ ಬರಹದ ಕಡೆಗೆ ಕೈತೋರಿಸಬೇಕು. ಇಲ್ಲವಾದರೆ ಶಾಸನದ ದಣ್ಣಾಯಕನನ್ನು ಹುಡುಕುವವನಿಗೆ ಷಟ್ಪದಿಯ ಕವಿ ಸಿಗುವುದಿಲ್ಲ.