ಬೆಳಕಿನ ಎಳೆಗೊಂದು ಬಳಸುದಾರಿ

1991ರ ಜನವರಿ 4ರಂದು ಅಮೆರಿಕದ ನ್ಯೂವಾರ್ಕ್‌ನಲ್ಲಿ ಎಟಿ ಅಂಡ್ ಟಿ ಕಂಪನಿಯ ಕೆಲಸಗಾರರು ಹಳೆಯ ಕೇಬಲ್ ತೆಗೆಯಲು ಹೋಗಿ, ಪಕ್ಕದಲ್ಲೇ ಇದ್ದ ಆಪ್ಟಿಕಲ್ ಫೈಬರನ್ನು ಕತ್ತರಿಸಿಬಿಟ್ಟರು. ನ್ಯೂಯಾರ್ಕ್‌ಗೆ ಹೋಗಿಬರುವ ಆ ಕಂಪನಿಯ ದೂರದ ಕರೆಗಳಲ್ಲಿ ಸುಮಾರು ಶೇ 60ರಷ್ಟು ಕೈಕೊಟ್ಟವು; ವಿಮಾನ ಸಂಚಾರ ನಿಯಂತ್ರಣವೂ ಅಸ್ತವ್ಯಸ್ತವಾಯಿತು. ಕೂದಲೆಳೆಯಂಥ ಗಾಜು ಸಾವಿರಾರು ಕರೆ ಹೊರತೊಡಗಿದ ಮೇಲೆ ಒಂದು ಕಡಿತದ ಹಾನಿಯೂ ಅಷ್ಟೇ ಹಿಗ್ಗಿತ್ತು. ಇಂಥ ಅವಘಡಗಳಿಗೆ ಎಂಜಿನಿಯರ್‌ಗಳು ಕಂಡುಕೊಂಡ ಮದ್ದು ‘ರಿಂಗ್’. ಅದರ ಸರಳ ರೂಪದಲ್ಲಿ ಕೇಂದ್ರಗಳನ್ನು ಸುತ್ತು ಬರುವಂತೆ ಜೋಡಿಸಿ, ಒಂದೇ ಸಂಕೇತವನ್ನು ಎರಡೂ ದಿಕ್ಕಿನಿಂದ ಕಳಿಸುತ್ತಾರೆ. ಒಂದು ಕಡೆಯ ಬೆಳಕು ಆರಿದೊಡನೆ ಆಚೆ ತುದಿಯ ಯಂತ್ರ ಇನ್ನೊಂದು ಕಡೆಯದನ್ನು ಎತ್ತಿಕೊಳ್ಳುತ್ತದೆ. ಈ ಬದಲಾವಣೆಗೆ ಫೈಬರ್ ಜಾಲಗಳ ಸೋನೆಟ್, ಎಸ್‌ಡಿಎಚ್ ಮಾನದಂಡಗಳು ಕೊಟ್ಟ ಗಡುವು 50 ಮಿಲಿಸೆಕೆಂಡ್. ಮಾತಾಡುತ್ತಿದ್ದವರಿಗೆ ಕರೆ ತುಂಡಾಗಬೇಕಾಗಿದ್ದದ್ದೂ ತಿಳಿಯದು.

ಆದರೆ ಈ ಚಮತ್ಕಾರಕ್ಕೆ ಒಂದು ಷರತ್ತಿದೆ: ಎರಡು ದಾರಿಗಳೂ ಮಣ್ಣಿನಲ್ಲಿ ನಿಜಕ್ಕೂ ಬೇರೆ ಬೇರೆಯಾಗಿರಬೇಕು. 2001ರ ಜುಲೈ 18ರಂದು ಬಾಲ್ಟಿಮೋರ್‌ನ ಹೋವರ್ಡ್ ಸ್ಟ್ರೀಟ್ ರೈಲು ಸುರಂಗದಲ್ಲಿ ಗೂಡ್ಸ್ ರೈಲು ಹಳಿತಪ್ಪಿ ಹೊತ್ತಿ ಉರಿದಾಗ ಒಳಗೆ ಸುಟ್ಟದ್ದು ಒಂದು ಕಂಪನಿಯ ಕೇಬಲಷ್ಟೇ ಅಲ್ಲ. ಪರಸ್ಪರ ಪೈಪೋಟಿಗಿಳಿದಿದ್ದ ಹಲವು ಕಂಪನಿಗಳ ಫೈಬರ್ ಅದೇ ಸುರಂಗದಲ್ಲಿತ್ತು. ಇಬ್ಬರಿಂದ ಸಂಪರ್ಕ ಪಡೆದು ನಿಶ್ಚಿಂತೆಯಾಗಿದ್ದ ಗ್ರಾಹಕನಿಗೂ ಅಲ್ಲಿ ರಕ್ಷಣೆಯಿರಲಿಲ್ಲ. ಹೀಗೆ ಒಟ್ಟಿಗೇ ಸಾಯಬಲ್ಲ ಕೊಂಡಿಗಳನ್ನು ಒಂದು ಗುಂಪೆಂದೇ ಲೆಕ್ಕ ಹಿಡಿಯಬೇಕೆಂಬುದು ಜಾಲ ವಿನ್ಯಾಸದ ತಿಳಿವಳಿಕೆ. ಈಗ ಸಾಫ್ಟ್‌ವೇರೇ ದಾರಿ ಬದಲಿಸುತ್ತದೆ, ಇದೆಲ್ಲ ಹಳೆಯ ಚಿಂತೆ ಎನ್ನುವವರಿದ್ದಾರೆ. ಸಾಫ್ಟ್‌ವೇರ್ ಇರುವ ದಾರಿಗಳಲ್ಲಿ ಒಂದನ್ನು ಆರಿಸಬಲ್ಲದು, ಇಲ್ಲದ್ದನ್ನು ಅಗೆಯಲಾರದು. ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಫೈಬರಿಗಿಂತ ಅಗೆತವೇ ದುಬಾರಿ. ಆದರೂ ಎರಡನೇ ದಾರಿಗೆ ಪ್ರತಿ ಸಲ ಗುದ್ದಲಿ ಹಿಡಿಯಬೇಕಿಲ್ಲ. ನಮ್ಮಲ್ಲೇ ರೈಲ್‌ಟೆಲ್‌ನ ಫೈಬರ್ ಹಳಿಗುಂಟ ಸಾಗುತ್ತದೆ, ಪವರ್‌ಗ್ರಿಡ್‌ನದು ವಿದ್ಯುತ್ ಗೋಪುರಗಳ ಮೇಲೆ. ಆ ಎಳೆಗಳನ್ನು ಬಾಡಿಗೆಗೆ ಪಡೆಯಬಹುದು, ಅದಲುಬದಲೂ ಮಾಡಿಕೊಳ್ಳಬಹುದು.

ಈ ಮಾತು ಈಗ ಯಾಕೆಂದರೆ, ತಾಲ್ಲೂಕು ಕೇಂದ್ರದಿಂದ ಗ್ರಾಮ ಪಂಚಾಯಿತಿಗೆ ಸಾಲಾಗಿ ಕೇಬಲ್ ಎಳೆದಿದ್ದ ಸರ್ಕಾರದ ಗ್ರಾಮೀಣ ಬ್ರಾಡ್‌ಬ್ಯಾಂಡ್ ಯೋಜನೆ ಭಾರತ್‌ನೆಟ್, 2023ರ ಪರಿಷ್ಕೃತ ಯೋಜನೆಯಲ್ಲಿ ರಿಂಗ್ ವ್ಯವಸ್ಥೆಗೆ ಹೊರಳುತ್ತಿದೆ. ಅಗೆಯುವ ಮುನ್ನ ತಿಳಿಸುವ ಆ್ಯಪ್ ಅದೇ ವರ್ಷ ಬಂದಾಗ, ಬೇಕಾಬಿಟ್ಟಿ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು ₹3,000 ಕೋಟಿ ನಷ್ಟವೆಂದು ಸರ್ಕಾರವೇ ಹೇಳಿತ್ತು. ಗುತ್ತಿಗೆದಾರರು ತೋರಿಸುವ ನಕ್ಷೆಯಲ್ಲಿ ರಿಂಗ್ ದುಂಡಗೇ ಇರುತ್ತದೆ, ಅನುಮಾನ ಬೇಡ. ಬಿಲ್ ಪಾಸು ಮಾಡುವ ಅಧಿಕಾರಿ ಹಳ್ಳದ ತನಕ ಹೋಗಿ, ಎರಡೂ ಕೇಬಲ್ ಒಂದೇ ಸೇತುವೆ ದಾಟುತ್ತಿವೆಯೇ ಎಂದು ಮೊದಲು ನೋಡಲಿ.